ಯೂಟ್ಯೂಬ್, ರೀಲ್ಸ್ ಬಂದ ಮೇಲೆ ಮುಂಬೈ ಕನ್ನಡ ಕಾಮಿಡಿಯವರ ಸಂಪಾದನೆ ಹೇಗೆ ಬದಲಾಗಿದೆ?

ಹಿಂದೆ ಮಾಟುಂಗ, ಮಾಹಿಮ್ ಕಡೆಯ ಕನ್ನಡ ಸಂಘಗಳ ವೇದಿಕೆಗೆ ಯಾರನ್ನು ಕರೆಸಬೇಕೆಂಬುದು ಸಮಿತಿಯ ಕೈಯಲ್ಲಿತ್ತು. ಈಗ ಕಲಾವಿದರೇ ವಿಡಿಯೊ ಹಾಕಿ, ಟಿಕೆಟ್ ಮಾರಿ ಜನ ಸೇರಿಸಬಹುದು. ಆದರೆ ವಿಡಿಯೊದಿಂದಲೇ ಹೊಟ್ಟೆ ತುಂಬುತ್ತದೆ ಅಂದುಕೊಳ್ಳಬೇಡಿ. ಯೂಟ್ಯೂಬ್ ಜಾಹೀರಾತಿನ ಪಾಲು ಸಿಗಲು 1,000 ಚಂದಾದಾರರು, ಜೊತೆಗೆ 12 ತಿಂಗಳಲ್ಲಿ 4,000 ಗಂಟೆ ವೀಕ್ಷಣೆ ಅಥವಾ 90 ದಿನದಲ್ಲಿ ಶಾರ್ಟ್ಸ್‌ಗೆ (ಯೂಟ್ಯೂಬಿನ ಚಿಕ್ಕ ವಿಡಿಯೊಗಳಿಗೆ) 1 ಕೋಟಿ ವೀಕ್ಷಣೆ ಬೇಕು. ಕಲಾವಿದರಿಗೆ ಸಿಗುವುದು ಉದ್ದದ ವಿಡಿಯೊಗೆ 55%, ಶಾರ್ಟ್ಸ್‌ಗೆ 45% ಪಾಲು. ಕೈಗೆ ಹತ್ತುವ ದುಡ್ಡು ಟಿಕೆಟ್, ಬ್ರ್ಯಾಂಡ್ ಪ್ರಚಾರ, ಕಂಪನಿ ಶೋಗಳದ್ದು.

ದೊಡ್ಡ ಪೆಟ್ಟು ಬಿದ್ದಿರುವುದು ಜೋಕಿನ ಆಯುಷ್ಯಕ್ಕೆ. ಒಂದೇ ಸರಕನ್ನು ವರ್ಷಗಟ್ಟಲೆ ಊರೂರಲ್ಲಿ ಹೇಳಬಹುದಿತ್ತು. ಈಗ ಒಮ್ಮೆ ಅಪ್‌ಲೋಡ್ ಆದರೆ ಮುಂದಿನ ಶೋನಲ್ಲಿ ಜನ ಪಂಚ್‌ಲೈನನ್ನು ನಿಮಗಿಂತ ಮೊದಲೇ ಹೇಳುತ್ತಾರೆ. ಅದಕ್ಕೇ ಹಲವರು ಪ್ರೇಕ್ಷಕರ ಜೊತೆಗಿನ ಮಾತುಕತೆಯ ತುಣುಕು ಹಾಕುವುದು. ಅದು ಹೇಗೂ ಮತ್ತೆ ಬಳಕೆಗೆ ಬರುವುದಿಲ್ಲ, ಬರೆದ ಸರಕು ಟಿಕೆಟ್ ಕೊಂಡವರಿಗೆ ಉಳಿಯುತ್ತದೆ. ಇದು ಸರಿಯಾದ ಲೆಕ್ಕಾಚಾರ.

ಶೋ ರೆಕಾರ್ಡ್ ಮಾಡುವಾಗ ಸೌಂಡ್ ಮಿಕ್ಸರ್‌ನಿಂದ ನೇರವಾಗಿ ನಿಮ್ಮ ದನಿ ತೆಗೆದುಕೊಳ್ಳಿ. ಪ್ರೇಕ್ಷಕರ ಕಡೆಗೆ ಇನ್ನೊಂದು ಮೈಕ್ ಇಡಿ, ಇಲ್ಲವಾದರೆ ನಗುವೇ ಕೇಳಿಸದೆ ಒಳ್ಳೆಯ ಜೋಕೂ ಸಪ್ಪೆಯಾಗುತ್ತದೆ. ಲೋಕಲ್ ಟ್ರೈನಿನಲ್ಲಿ ಸೌಂಡ್ ಆಫ್ ಮಾಡಿ ನೋಡುವವರೂ ಇರುತ್ತಾರೆ, ಸಬ್‌ಟೈಟಲ್ ಬೇಕೇ ಬೇಕು. ಎಂಟ್ರಿಗೆ ಸಿನಿಮಾ ಹಾಡು ಹಾಕಿದರೆ ಕಾಪಿರೈಟ್ ಕ್ಲೇಮ್ ಬಂದು ಆದಾಯ ಹಾಡಿನ ಹಕ್ಕುದಾರರ ಪಾಲಾಗಬಹುದು. ಜಾತಿ, ದೇವರು, ರಾಜಕೀಯದ ಜೋಕನ್ನು 30 ಸೆಕೆಂಡಿಗೆ ಕತ್ತರಿಸಬೇಡಿ: ಹಿಂದುಮುಂದಿಲ್ಲದ ತುಣುಕೇ ಪೊಲೀಸ್ ದೂರಿನ ತನಕ ಹೋಗುವುದು.