−20ರ ಸ್ಲೀಪಿಂಗ್ ಬ್ಯಾಗ್ ಕೊಳ್ಳುವ ಮೊದಲು ಕೆಳಗೆ ಏನು ಹಾಸಿತ್ತು ಎಂದು ನೋಡಿ

ನಿಮ್ಮ ಪೋಸ್ಟ್ ಓದಿದೆ. ಗೈಡ್ ಜೊತೆಗಿನ ಆರು ದಿನಗಳ ಚಾರಣದಲ್ಲಿ 4,000 ಮೀಟರ್ ಆಸುಪಾಸಿನ ಕ್ಯಾಂಪ್‌ನಲ್ಲಿ ರಾತ್ರಿಯಿಡೀ ನಡುಗಿದಿರಿ, ಇದ್ದಬದ್ದ ಬಟ್ಟೆಯನ್ನೆಲ್ಲ ತೊಟ್ಟು ಟೆಂಟ್‌ನ ಗಾಳಿಕಿಂಡಿಗಳನ್ನು ಬಿಗಿಯಾಗಿ ಮುಚ್ಚಿ ಮಲಗಿದಿರಿ, ಬೆಳಿಗ್ಗೆ ಬ್ಯಾಗ್‌ನ ಮೇಲ್ಭಾಗ ಒದ್ದೆಯಾಗಿತ್ತು, ತಲೆನೋವೂ ಇತ್ತು, ಒಂದು ಮಾತ್ರೆ ನುಂಗಿ ಯಾರಿಗೂ ಹೇಳದೆ ಮೇಲಕ್ಕೆ ನಡೆದಿರಿ; ಈಗ ಮುಂದಿನ ಸಲಕ್ಕೆ −20 ಡಿಗ್ರಿಯ ಯಾವ ಬ್ಯಾಗ್ ಒಳ್ಳೆಯದು ಎಂದು ಕೇಳುತ್ತಿದ್ದೀರಿ. ಉತ್ತರವಾಗಿ ಸಾಲುಸಾಲು ಬ್ಯಾಗ್‌ಗಳ ಹೆಸರು ಬಂದಿವೆ, ಆದರೆ ನೀವು ಯಾವುದರ ಮೇಲೆ ಮಲಗಿದ್ದಿರಿ ಎಂದು ಒಬ್ಬರೂ ಕೇಳಿಲ್ಲ. ಚಳಿಯಾದ ಕೂಡಲೇ ಇನ್ನೂ ದಪ್ಪದ ಬ್ಯಾಗ್‌ಗೆ ದುಡ್ಡು ಸುರಿಯುವ ದಾರಿಯಲ್ಲಿ ನಾನೂ ಹೋಗಿ ಬಂದವನೇ ಆದ್ದರಿಂದ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಡೌನ್ (ಹಕ್ಕಿಯ ಮೆತ್ತನೆಯ ಗರಿ) ಆಗಲಿ ಸಿಂಥೆಟಿಕ್ ಆಗಲಿ, ಬ್ಯಾಗ್ ಬೆಚ್ಚಗಿಡುವುದು ತಾನು ಹಿಡಿದಿಟ್ಟ ಗಾಳಿಯಿಂದ. ಮೈಭಾರ ಬಿದ್ದ ಕಡೆ, ಅಂದರೆ ಭುಜ ಮತ್ತು ಸೊಂಟದ ಕೆಳಗೆ, ಆ ಗಾಳಿ ಹೊರಟುಹೋಗಿ ಬ್ಯಾಗ್ ಎರಡು ಪದರ ಬಟ್ಟೆಯಷ್ಟೇ ಆಗಿ ಉಳಿಯುತ್ತದೆ. ಅಲ್ಲಿಂದ ಮುಂದೆ ನಿಮ್ಮ ಮೈಶಾಖವನ್ನು ನೆಲ ಹೀರದಂತೆ ತಡೆಯುವುದು ಮ್ಯಾಟ್ ಒಂದೇ. ನೀವು −20ರದ್ದನ್ನೇ ತನ್ನಿ, −40ರದ್ದನ್ನೇ ತನ್ನಿ, ಬೆನ್ನಿನ ಕೆಳಗಿನ ಲೆಕ್ಕ ಹೆಚ್ಚೇನೂ ಬದಲಾಗುವುದಿಲ್ಲ. ಇನ್ನೊಂದು ಮಾತನ್ನು ಅಂಗಡಿಯವರು ಹೇಳುವುದೇ ಇಲ್ಲ: ಐಎಸ್‌ಒ 23537 ಮಾನದಂಡದ ಪ್ರಕಾರ ಬ್ಯಾಗ್‌ನ ಅಂಕಿ ತೆಗೆಯುವಾಗ ಬಿಸಿ ಮಾಡಿದ ಗೊಂಬೆಯನ್ನು ಬ್ಯಾಗ್‌ನೊಳಗೆ ಮಲಗಿಸಿ, ಕೆಳಗೆ ಮ್ಯಾಟ್ ಹಾಸಿಯೇ ಅಳೆಯುತ್ತಾರೆ. ಮ್ಯಾಟ್ ಕಳಪೆಯಾಗಿದ್ದರೆ ಬ್ಯಾಗ್ ಮೇಲೆ ಅಚ್ಚಾದ ಅಂಕಿಗೆ ಅರ್ಥವಿಲ್ಲ.

ಆ ಅಂಕಿಯಲ್ಲೂ ಮೂರು ಬಗೆ ಇವೆ. ಕಂಫರ್ಟ್ ಎಂದರೆ ಸಾಮಾನ್ಯ ಮೈಕಟ್ಟಿನ ಮಹಿಳೆ ಆರಾಮವಾಗಿ ನಿದ್ದೆ ಮಾಡಬಲ್ಲ ಉಷ್ಣತೆ. ಲಿಮಿಟ್ ಎಂದರೆ ಸಾಮಾನ್ಯ ಮೈಕಟ್ಟಿನ ಗಂಡಸು ಮುದುಡಿ ಮಲಗಿ ಹೇಗೋ ತಡೆದುಕೊಳ್ಳುವ ಉಷ್ಣತೆ. ಎಕ್ಸ್‌ಟ್ರೀಮ್ ಎಂದರೆ ಆರು ಗಂಟೆ ಜೀವ ಹಿಡಿದುಕೊಂಡಿರಬಹುದಾದ ಉಷ್ಣತೆ. ಅದು ನಿದ್ದೆಯ ಅಂಕಿಯೇ ಅಲ್ಲ. ಬಾಡಿಗೆಗೆ ಕೊಡುವವರು ‘ಇದು ಮೈನಸ್ ಹತ್ತರದ್ದು’ ಎಂದಾಗ ಇವುಗಳಲ್ಲಿ ಯಾವ ಹತ್ತು ಎಂದು ಕೇಳಿ. ಅವರಿಗೇ ಗೊತ್ತಿಲ್ಲದಿದ್ದರೆ ಲಿಮಿಟ್ ಎಂದೇ ಹಿಡಿಯಿರಿ. ಬಾಡಿಗೆ ಬ್ಯಾಗ್‌ನಲ್ಲಿ ಅಂಕಿಗಿಂತ ಕೈ ಹೆಚ್ಚು ನಿಜ ಹೇಳುತ್ತದೆ: ಚೀಲದಿಂದ ತೆಗೆದು ಅರ್ಧ ಗಂಟೆ ಹರವಿಟ್ಟು ಮೇಲಿನಿಂದ ಒತ್ತಿ ನೋಡಿ, ಡೌನ್ ಗಂಟುಗಂಟಾಗಿ ಸಿಕ್ಕಿ ನಡುವೆ ಬರೀ ಬಟ್ಟೆ ತಾಗಿದರೆ ಬೇರೆಯದನ್ನು ಕೇಳಿ ಪಡೆಯಿರಿ.

ಮ್ಯಾಟ್‌ನ ಅಳತೆ ಆರ್-ವ್ಯಾಲ್ಯೂ, ಅಂದರೆ ಶಾಖ ಕೆಳಗಿಳಿಯದಂತೆ ಅದು ಎಷ್ಟು ತಡೆಯುತ್ತದೆ ಎಂಬ ಅಂಕಿ; ಹೆಚ್ಚಿದ್ದಷ್ಟೂ ಬೆಚ್ಚಗೆ. ಎಎಸ್‌ಟಿಎಂ ಎಫ್3340 ಮಾನದಂಡ ಬಂದ ಮೇಲೆ ಬೇರೆ ಬೇರೆ ಕಂಪನಿಗಳ ಅಂಕಿಗಳನ್ನು ಹೋಲಿಸಬಹುದಾಗಿದೆ. ಅದಕ್ಕೂ ಹಿಂದಿನ ಹಳೆಯ ಮ್ಯಾಟ್‌ಗಳ ಅಂಕಿಯನ್ನು ನಂಬಬೇಡಿ. ಮಡಚುವ ಫೋಮ್‌ನ ಥರ್ಮ್-ಎ-ರೆಸ್ಟ್ ಕಂಪನಿಯ ಜ಼ೀ ಲೈಟ್ ಸೋಲ್‌ಗೆ 2.0 ಇದೆ, ಅದೇ ಕಂಪನಿಯ ಗಾಳಿ ತುಂಬುವ ಎಕ್ಸ್‌ಲೈಟ್ ಎನ್‌ಎಕ್ಸ್‌ಟಿಗೆ 4.5, ಎಕ್ಸ್‌ಥರ್ಮ್ ಎನ್‌ಎಕ್ಸ್‌ಟಿಗೆ 7.3. ಕ್ಯಾಂಪ್‌ಗಳಲ್ಲಿ ಕೊಡುವ, ವರ್ಷಗಟ್ಟಲೆ ತುಳಿಸಿಕೊಂಡು ತೆಳ್ಳಗಾದ ಫೋಮ್ ಹಾಳೆ ಇವುಗಳ ಹತ್ತಿರಕ್ಕೂ ಬರುವುದಿಲ್ಲ. ಒಳ್ಳೆಯ ಸುದ್ದಿಯೆಂದರೆ ಎರಡು ಮ್ಯಾಟ್‌ಗಳನ್ನು ಒಂದರ ಮೇಲೊಂದು ಹಾಸಿದರೆ ಆರ್-ವ್ಯಾಲ್ಯೂಗಳನ್ನು ಕೂಡಿಸಬಹುದು. ಎಕ್ಸ್‌ಥರ್ಮ್‌ನ ಹೊಗಳಿಕೆ ಈ ಗುಂಪಿನಲ್ಲಿ ಸ್ವಲ್ಪ ಅತಿಯಾಗಿದೆ ಎನ್ನುವುದು ನನ್ನ ಅಭಿಪ್ರಾಯ. ಗಾಳಿಯ ಮ್ಯಾಟ್ ಎಷ್ಟೇ ದುಬಾರಿಯದಾದರೂ ಒಂದು ಮುಳ್ಳಿಗೆ ಸೋಲುತ್ತದೆ, ಫೋಮ್ ಸೋಲುವುದಿಲ್ಲ. ಮಧ್ಯಮ ದರ್ಜೆಯ ಗಾಳಿ ಮ್ಯಾಟ್, ಅದರ ಕೆಳಗೆ ಕ್ಯಾಂಪ್‌ನವರ ಫೋಮ್, ಇಷ್ಟಿದ್ದರೆ ಹಿಮ ಬಿದ್ದ ನೆಲವೂ ನಡೆದೀತು. ಅದೂ ಇಲ್ಲದಿದ್ದರೆ ಖಾಲಿ ಮಾಡಿದ ರಕ್‌ಸ್ಯಾಕನ್ನು ಕಾಲಿನ ಕೆಳಗೆ, ಮಳೆಯಂಗಿಯನ್ನು ಸೊಂಟದ ಕೆಳಗೆ ತುರುಕಿ. ಏನೂ ಇಲ್ಲದ್ದಕ್ಕಿಂತ ಮೇಲು. ಬೆಳಿಗ್ಗೆ ಎದ್ದಾಗ ಮ್ಯಾಟ್ ಎತ್ತಿ ಅಡಿಯನ್ನು ಒಮ್ಮೆ ನೋಡಿ. ತೆಳುವಾದ ಮ್ಯಾಟ್‌ನ ಅಡಿಯಲ್ಲಿ ಟೆಂಟ್‌ನ ನೆಲದ ಮೇಲೆ ಭುಜ ಮತ್ತು ಸೊಂಟ ಇದ್ದ ಜಾಗದಲ್ಲೇ ತೇವ ಕಂಡರೆ, ರಾತ್ರಿಯ ಶಾಖ ಅಲ್ಲಿಂದ ಇಳಿದುಹೋಗಿರಬಹುದು ಎಂಬುದಕ್ಕೆ ಅದೊಂದು ಸುಳಿವು.

ಇನ್ನು ಒದ್ದೆಯಾದ ಬ್ಯಾಗ್. ನೀವು ಗಾಳಿಕಿಂಡಿ ಮುಚ್ಚಿದ್ದೇ ಅದಕ್ಕೆ ಕಾರಣ. ಇಬ್ಬರು ರಾತ್ರಿಯೆಲ್ಲ ಬಿಟ್ಟ ಉಸಿರಿನ ತೇವ ಹೊರಹೋಗಲು ದಾರಿಯಿಲ್ಲದೆ ಟೆಂಟ್‌ನ ಒಳಮೈಯಲ್ಲಿ ಹರಳುಗಟ್ಟುತ್ತದೆ, ಪಕ್ಕದವರು ಮಗ್ಗುಲು ಬದಲಿಸಿದಾಗ ಸಣ್ಣಗೆ ಮುಖದ ಮೇಲೆ ಉದುರುತ್ತದೆ, ಬಿಸಿಲು ಬಿದ್ದೊಡನೆ ಕರಗಿ ಬ್ಯಾಗ್‌ಗೆ ಇಳಿಯುತ್ತದೆ. ಒದ್ದೆಯಾದ ಡೌನ್ ಉಬ್ಬುವುದಿಲ್ಲ, ಉಬ್ಬದ ಡೌನ್ ಬೆಚ್ಚಗಿಡುವುದಿಲ್ಲ, ಹಾಗಾಗಿ ಮೂರನೆಯ ರಾತ್ರಿಯ ಚಳಿ ಮೊದಲ ರಾತ್ರಿಯದಕ್ಕಿಂತ ಹೆಚ್ಚಾಗಿರುತ್ತದೆ. ಮೇಲಿನ ಕಿಂಡಿಯನ್ನೂ ಬಾಗಿಲಿನ ಜಿಪ್‌ನ ತುದಿಯನ್ನೂ ಒಂದು ಗೇಣು ತೆರೆದಿಡಿ. ಗಾಳಿಗೆ ಎದುರಾದ ಕಡೆ ಬೇಡ, ಹಿಂಬದಿಯಲ್ಲಿ ಸಾಕು. ಒಳಗಿನ ಉಷ್ಣತೆ ಎರಡು ಡಿಗ್ರಿ ಇಳಿದರೂ ಒಣಗಿದ ಬ್ಯಾಗ್ ಅದನ್ನು ತುಂಬಿಕೊಡುತ್ತದೆ. ತಲೆಯನ್ನು ಬ್ಯಾಗ್‌ನೊಳಗೆ ಎಳೆದುಕೊಂಡು ಉಸಿರಾಡುವ ಅಭ್ಯಾಸವನ್ನಂತೂ ಇವತ್ತೇ ಬಿಡಿ. ಮೂಗು ಬಾಯಿ ಹೊರಗಿರಲಿ, ಟೊಪ್ಪಿ ಮತ್ತು ಕುತ್ತಿಗೆ ಪಟ್ಟಿ ಹಾಕಿಕೊಳ್ಳಿ. ಮಧ್ಯಾಹ್ನ ಬಿಸಿಲಿರುವ ಕಡೆ ನಿಂತಾಗಲೆಲ್ಲ ಬ್ಯಾಗನ್ನು ಹೊರತೆಗೆದು ಬಂಡೆಯ ಮೇಲೆ ಹರವಿ. ಸಾಮಾನು ಹೊರುವ ಪ್ರಾಣಿಗಳ ಮೇಲೆ ಬ್ಯಾಗ್ ಮುಂದೆ ಹೋಗಿದ್ದರೆ, ಕ್ಯಾಂಪ್ ಮುಟ್ಟಿದ ಕೂಡಲೇ ಮಾಡುವ ಮೊದಲ ಕೆಲಸ ಅದೇ ಆಗಿರಲಿ. ಚಳಿಯೆಂದು ಟೆಂಟ್‌ನೊಳಗೆ ಸ್ಟೌ ಹೊತ್ತಿಸುವವರಿಗೆ ಒಂದೇ ಮಾತು: ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ, ನಿದ್ದೆಯಲ್ಲೇ ಜೀವ ತೆಗೆಯುತ್ತದೆ, ಕಿಂಡಿ ತೆರೆದಿದ್ದರೂ ಬೇಡ.

ಈಗ ನಾನು ಎಲ್ಲಕ್ಕಿಂತ ಹೆಚ್ಚು ನೆಚ್ಚಿಕೊಂಡಿರುವ ಬಿಸಿನೀರಿನ ಬಾಟಲಿಯ ಉಪಾಯ. ಎಲ್ಲರೂ ಕೇಳಿರುತ್ತಾರೆ, ಸರಿಯಾಗಿ ಮಾಡುವವರು ಕಡಿಮೆ. ಮೊದಲು ಬಾಟಲಿಯ ವಿಷಯ. ಎರಡು ಪದರದ ಫ್ಲಾಸ್ಕ್‌ನಲ್ಲಿ ಬಿಸಿನೀರು ತುಂಬಿ ಬ್ಯಾಗ್‌ಗೆ ಹಾಕಿಕೊಂಡು ‘ಏನೂ ಪ್ರಯೋಜನವಾಗಲಿಲ್ಲ’ ಎನ್ನುವವರು ಪ್ರತಿ ಗುಂಪಿನಲ್ಲೂ ಇರುತ್ತಾರೆ. ಫ್ಲಾಸ್ಕ್ ಇರುವುದೇ ಶಾಖವನ್ನು ಹೊರಬಿಡದಿರಲು, ಅದು ನಿಮಗೆ ಹೇಗೆ ಕೊಟ್ಟೀತು? ನೀರು ಮಾರುವ ತೆಳು ಪ್ಲಾಸ್ಟಿಕ್ ಬಾಟಲಿ ಬಿಸಿಗೆ ಮುದುಡಿ ಮುಚ್ಚಳದ ಬಳಿ ಸೋರುತ್ತದೆ. ನಲ್ಜೀನ್‌ನ ಅಗಲ ಬಾಯಿಯ ಒಂದು ಲೀಟರ್ ಬಾಟಲಿ ಕುದಿನೀರನ್ನು ತಡೆಯುತ್ತದೆ. ಅದರ ಬದಲಿಗೆ ಬರುವ ಅಗ್ಗದ ಅನುಕರಣೆಗಳ ಮುಚ್ಚಳದ ತಿರುಪನ್ನು ನಾನು ನಂಬುವುದಿಲ್ಲ. ಒಂದೇ ಪದರದ ಸ್ಟೀಲ್ ಬಾಟಲಿಯೂ ಆಗುತ್ತದೆ, ಆದರೆ ದಪ್ಪ ಕಾಲುಚೀಲದೊಳಗೆ ಹಾಕದಿದ್ದರೆ ಚರ್ಮ ಸುಡುತ್ತದೆ. 4,000 ಮೀಟರ್‌ನಲ್ಲಿ ನೀರು ಸುಮಾರು 87 ಡಿಗ್ರಿಗೇ ಕುದಿಯುವುದರಿಂದ ಇನ್ನೂ ತಣಿಯಲಿ ಎಂದು ಕಾಯಬೇಡಿ, ಹಾಗೆಂದು ಸುಡುವುದಿಲ್ಲ ಎಂದೂ ತಿಳಿಯಬೇಡಿ.

ಊಟ ಮುಗಿಯುವ ಹೊತ್ತಿಗೆ ಅಡುಗೆ ಟೆಂಟ್‌ನಲ್ಲಿ ಕೇಳಿ ತುಂಬಿಸಿಕೊಳ್ಳಿ. ಅವರ ಇಂಧನವೂ ಹೊತ್ತು ತಂದದ್ದೇ, ಆದ್ದರಿಂದ ಒಬ್ಬರಿಗೆ ಒಂದು ಬಾಟಲಿ ಸಾಕು. ಬಾಯಿಯ ಅಂಚನ್ನು ಒರೆಸಿ, ಮುಚ್ಚಳ ಬಿಗಿದು, ಹೊರಗೆ ತಲೆಕೆಳಗಾಗಿ ಹಿಡಿದು ಒಂದು ನಿಮಿಷ ಅಲ್ಲಾಡಿಸಿ. ಮುಚ್ಚಳದ ತಿರುಪಿನಲ್ಲಿ ಒಂದು ಹನಿ ಮೂಡಿದರೂ ಬಿಚ್ಚಿ ಮತ್ತೆ ಹಾಕಿ, ಏಕೆಂದರೆ ಬ್ಯಾಗ್‌ನೊಳಗೆ ಒಂದು ಲೀಟರ್ ನೀರು ಚೆಲ್ಲಿದರೆ ಆ ರಾತ್ರಿ ಮಾತ್ರವಲ್ಲ, ಉಳಿದ ಚಾರಣವೇ ಹೋಯಿತು. ನೀವು ಬ್ಯಾಗ್ ಸೇರುವ ಅರ್ಧ ಗಂಟೆ ಮೊದಲೇ ಬಾಟಲಿಯನ್ನು ಒಳಗಿಟ್ಟರೆ ಬೆಚ್ಚಗಿನ ಬ್ಯಾಗ್‌ಗೆ ಕಾಲಿಡುತ್ತೀರಿ. ಮಲಗಿದ ಮೇಲೆ ಎಲ್ಲರೂ ಪಾದದ ಬಳಿ ಇಟ್ಟುಕೊಳ್ಳುತ್ತಾರೆ. ನನ್ನ ಮಟ್ಟಿಗೆ ಮೊದಲ ಎರಡು ಗಂಟೆ ತೊಡೆಗಳ ನಡುವೆ ಇರುವುದೇ ಸರಿ. ಅಲ್ಲಿ ದೊಡ್ಡ ರಕ್ತನಾಳಗಳು ಚರ್ಮಕ್ಕೆ ಹತ್ತಿರ ಹರಿಯುವುದರಿಂದ ಬಿಸಿ ಮೈಯೆಲ್ಲ ಸುತ್ತಿ ಪಾದಕ್ಕೂ ಇಳಿಯುತ್ತದೆ. ಆಮೇಲೆ ಕೆಳಕ್ಕೆ ತಳ್ಳಬಹುದು. ಬೆಳಿಗ್ಗೆ ಹೊರಗಿಟ್ಟ ನೀರೆಲ್ಲ ಮಂಜುಗಡ್ಡೆಯಾಗಿರುವಾಗ ಅದೇ ಬಾಟಲಿಯಲ್ಲಿ ಕುಡಿಯಲು ಉಗುರುಬೆಚ್ಚನೆಯ ನೀರೂ ಸಿಗುತ್ತದೆ. ರಾತ್ರಿ ಮೂತ್ರಕ್ಕೆಂದು ಇನ್ನೊಂದು ಬಾಟಲಿ ಇಟ್ಟುಕೊಳ್ಳುವವರು ಅದಕ್ಕೆ ರಬ್ಬರ್ ಬ್ಯಾಂಡ್ ಸುತ್ತಿ, ಕತ್ತಲಲ್ಲಿ ಕೈಗೆ ತಿಳಿಯಬೇಕು. ಬಣ್ಣ ನೋಡಿ ಗುರುತಿಸುತ್ತೇನೆ ಎನ್ನುವವರ ಧೈರ್ಯಕ್ಕೆ ನಮಸ್ಕಾರ. ಎತ್ತರದಲ್ಲಿ ಮತ್ತು ಚಳಿಯಲ್ಲಿ ಮೂತ್ರ ಹೆಚ್ಚುವುದು ಸಹಜ, ಅದನ್ನು ತಪ್ಪಿಸಲು ಸಂಜೆ ನೀರು ಕುಡಿಯದೆ ಇರುವುದು ಮಾತ್ರ ಮೂರ್ಖತನ.

ಬಟ್ಟೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬರಿಮೈಯಲ್ಲಿ ಮಲಗಿದರೆ ಬೆಚ್ಚಗಿರುತ್ತದೆ ಎನ್ನುವುದು ಸುಳ್ಳು. ಇದ್ದುದನ್ನೆಲ್ಲ ತೊಟ್ಟು ಬ್ಯಾಗ್‌ನೊಳಗೆ ಇಕ್ಕಟ್ಟಾಗಿ ತೂರಿಕೊಂಡರೆ ಡೌನ್ ಒಳಗಿನಿಂದಲೇ ಅದುಮಿ ಹೋಗುವುದರಿಂದ ಅದೂ ತಪ್ಪು. ನಡೆಯುವಾಗ ಎಂದೂ ಹಾಕದ ಒಂದು ಜೊತೆ ಒಳಬಟ್ಟೆ ಮತ್ತು ಸಡಿಲವಾದ ಉಣ್ಣೆಯ ಕಾಲುಚೀಲಗಳನ್ನು ಮಲಗಲಿಕ್ಕೆಂದೇ ಒಣ ಚೀಲದಲ್ಲಿಟ್ಟುಕೊಳ್ಳಿ. ಜಾಕೆಟನ್ನು ತೊಡುವುದಕ್ಕಿಂತ ಬ್ಯಾಗ್‌ನ ಮೇಲೆ ಹೊದೆಯುವುದು ಎಷ್ಟೋ ಸಲ ಲೇಸು. ಮಲಗುವ ಮೊದಲು ಕೊಬ್ಬಿನಂಶವಿರುವ ಏನಾದರೂ ತಿನ್ನಿ, ಐದು ನಿಮಿಷ ಬೆವರದಷ್ಟು ಓಡಾಡಿ. ಬ್ಯಾಗ್ ಶಾಖವನ್ನು ಹುಟ್ಟಿಸುವುದಿಲ್ಲ, ನೀವು ತಂದದ್ದನ್ನು ಕಾಪಾಡುತ್ತದೆ ಅಷ್ಟೆ. ಟೆಂಟ್ ಆರಿಸುವ ಅವಕಾಶ ಸಿಕ್ಕರೆ ತೊರೆಯ ದಂಡೆಯ, ತಗ್ಗಿನ ಟೆಂಟ್ ಬಿಟ್ಟು ಸ್ವಲ್ಪ ಮೇಲಿನದನ್ನು ಹಿಡಿಯಿರಿ. ತಣ್ಣನೆಯ ಗಾಳಿ ರಾತ್ರಿ ಇಳಿದು ತಗ್ಗಿನಲ್ಲೇ ನಿಲ್ಲುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆ, ನಿಮ್ಮ ಪೋಸ್ಟ್‌ನಲ್ಲಿ ನನಗೆ ಸಿಟ್ಟು ತರಿಸಿದ ಸಾಲು ತಲೆನೋವಿನದು. ನಿದ್ದೆ ಬಾರದಿರುವುದು ಎತ್ತರದಲ್ಲಿ ಬಹಳ ಜನರಿಗೆ ಆಗುತ್ತದೆ. ಉಸಿರು ಕೆಲವು ಕ್ಷಣ ನಿಂತಂತಾಗಿ ಮತ್ತೆ ಜೋರಾಗಿ ಬರುವುದರಿಂದ ಎಚ್ಚರವಾಗುತ್ತಿರುತ್ತದೆ, ಎತ್ತರದ ಕಾಯಿಲೆಯನ್ನು ಲಕ್ಷಣಗಳಿಗೆ ಅಂಕ ಕೊಟ್ಟು ಅಳೆಯುವ, 2018ರಲ್ಲಿ ಪರಿಷ್ಕರಿಸಿದ ಲೇಕ್ ಲೂಯಿಸ್ ಅಂಕಪಟ್ಟಿಯಿಂದ ನಿದ್ದೆಯ ಪ್ರಶ್ನೆಯನ್ನೇ ತೆಗೆದಿದ್ದಾರೆ. ಅದರಲ್ಲಿ ಈಗ ಉಳಿದಿರುವುದು ತಲೆನೋವು, ಹೊಟ್ಟೆಯ ತೊಂದರೆ, ಸುಸ್ತು, ತಲೆಸುತ್ತು. ತಲೆನೋವು ಇದ್ದು ಒಟ್ಟು ಅಂಕ ಮೂರು ಅಥವಾ ಹೆಚ್ಚಾದರೆ ಅದನ್ನು ಎತ್ತರದ ಕಾಯಿಲೆ ಎಂದೇ ಎಣಿಸುತ್ತಾರೆ. ನೋವಿನ ಮಾತ್ರೆ ತೆಗೆದುಕೊಂಡದ್ದು ತಪ್ಪಲ್ಲ. ಗೈಡ್‌ಗೆ ಹೇಳದೆ ಮೇಲೆ ಹೋದದ್ದು ತಪ್ಪು. ತಂಡದ ವೇಗ, ಮುಂದಿನ ಕ್ಯಾಂಪ್, ಯಾರನ್ನು ಯಾರ ಜೊತೆ ಇಳಿಸಬೇಕು ಎಂಬುದನ್ನೆಲ್ಲ ಆತ ನೀವು ಹೇಳಿದ್ದರ ಮೇಲೆಯೇ ನಿರ್ಧರಿಸುತ್ತಾನೆ. ಬೆರಳಿಗೆ ಹಾಕುವ ಆಕ್ಸಿಮೀಟರ್ ತಣ್ಣಗಿನ ಬೆರಳಿನಲ್ಲಿ ಅಡ್ಡಾದಿಡ್ಡಿ ಅಂಕಿ ತೋರಿಸುವುದರಿಂದ ಅದರ ಅಂಕಿ ಚೆನ್ನಾಗಿದೆ ಎಂಬ ಸಮಾಧಾನವೂ ಸಾಲದು. ಒಂದು ಪಾದದ ಬೆರಳಿಗೆ ಇನ್ನೊಂದರ ಹಿಮ್ಮಡಿ ತಾಗಿಸುತ್ತ ನೆಟ್ಟಗೆ ನಡೆಯಲಾಗದೆ ವಾಲಿದರೆ ಅಥವಾ ಸುಮ್ಮನೆ ಕೂತಾಗಲೂ ಏದುಸಿರು ಬಂದರೆ, ರಾತ್ರಿಯಾಗಿದ್ದರೂ ಗೈಡ್‌ನನ್ನು ಎಬ್ಬಿಸಿ ಕೂಡಲೇ ಇಳಿಯಬೇಕು. ನಿದ್ದೆ ಮಾತ್ರೆ ಮತ್ತು ಮದ್ಯ ಎರಡೂ ಉಸಿರಾಟವನ್ನು ಕುಗ್ಗಿಸುತ್ತವೆ, ಅವು ಬೇಡವೇ ಬೇಡ. ಎತ್ತರದ ಕಾಯಿಲೆ ತಡೆಯಲು ಕೊಡುವ ಅಸೆಟಜ಼ೋಲಮೈಡ್ ಮಾತ್ರೆಯ ಬಗ್ಗೆ ಹೊರಡುವ ಮೊದಲು ವೈದ್ಯರನ್ನು ಕೇಳಿ, ಸಲ್ಫಾ ಬಗೆಯ ಔಷಧಿಗಳ ಅಲರ್ಜಿ ಇದ್ದರೆ ತಪ್ಪದೆ ತಿಳಿಸಿ; ಪಕ್ಕದ ಟೆಂಟ್‌ನವರು ಕೊಟ್ಟರೆಂದು ನುಂಗಬೇಡಿ.

ಮಾರ್ಗದ ವೇಳಾಪಟ್ಟಿಯನ್ನೂ ನೋಡಿ. 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರ ದಿನಕ್ಕೆ 500 ಮೀಟರ್‌ಗಿಂತ ಹೆಚ್ಚು ಏರಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಅದೇ ಎತ್ತರದಲ್ಲಿ ಇನ್ನೊಂದು ರಾತ್ರಿ ಇರಬೇಕು ಎಂಬುದು ಪರ್ವತ ವೈದ್ಯರ ಸಾಮಾನ್ಯ ಸಲಹೆ. ಹಗಲು ಎಷ್ಟು ಎತ್ತರ ಮುಟ್ಟಿದಿರಿ ಎನ್ನುವುದಕ್ಕಿಂತ ರಾತ್ರಿ ಎಲ್ಲಿ ಮಲಗಿದಿರಿ ಎನ್ನುವುದು ಇಲ್ಲಿ ಮುಖ್ಯ. ಆರು ದಿನದಲ್ಲಿ ಎಲ್ಲವನ್ನೂ ತುರುಕಿದ ಚಾರಣಗಳನ್ನು ಅಗ್ಗವೆಂದು ಹಿಡಿಯುವವರು ಈ ಲೆಕ್ಕ ಮಾಡುವುದೇ ಇಲ್ಲ.

ಬ್ಯಾಗ್‌ನೊಳಗೆ ಜಾಗ ಉಳಿದರೆ ಮಲಗುವಾಗ ನೀರಿನ ಫಿಲ್ಟರ್ ಇಟ್ಟುಕೊಳ್ಳಿ. ಸಾಯರ್‌ನಂಥ ಟೊಳ್ಳು ಎಳೆಗಳ ಫಿಲ್ಟರ್ ಒಮ್ಮೆ ನೆನೆದ ಮೇಲೆ ಹೆಪ್ಪುಗಟ್ಟಿದರೆ ಒಳಗಿನ ಎಳೆ ಸೀಳಿದ್ದು ಹೊರಗೆ ಕಾಣುವುದಿಲ್ಲ, ಅಂಥದ್ದನ್ನು ಮತ್ತೆ ಬಳಸಬಾರದು. ಫೋನ್, ಹೆಡ್‌ಲ್ಯಾಂಪ್‌ನ ಬ್ಯಾಟರಿ, ಕಾಂಟ್ಯಾಕ್ಟ್ ಲೆನ್ಸ್‌ನ ಡಬ್ಬಿಯೂ ಅಲ್ಲೇ ಇರಲಿ. ಒದ್ದೆ ಕಾಲುಚೀಲ ಒಣಗಿಸಲು ಮಾತ್ರ ಬ್ಯಾಗನ್ನು ಬಳಸಬೇಡಿ, ಅದರ ನೀರು ಹೋಗುವುದು ಡೌನ್‌ಗೇ.

ಮುಂದಿನ ಚಾರಣದ ಆಯೋಜಕರಿಗೆ ಮೂರು ಪ್ರಶ್ನೆ ಬರೆದು ಕಳಿಸಿ: ಕೊಡುವ ಮ್ಯಾಟ್ ಯಾವುದು ಮತ್ತು ಎಷ್ಟು ದಪ್ಪ, ಬ್ಯಾಗ್‌ನ ಕಂಫರ್ಟ್ ಅಂಕಿ ಎಷ್ಟು, ಪ್ರತಿ ರಾತ್ರಿಯ ಕ್ಯಾಂಪ್‌ನ ಎತ್ತರ ಎಷ್ಟು. ಅತಿ ಎತ್ತರದ ಕ್ಯಾಂಪ್‌ನ ರಾತ್ರಿಯ ಕನಿಷ್ಠ ಉಷ್ಣತೆಗಿಂತ ಕಂಫರ್ಟ್ ಅಂಕಿ ಐದು ಡಿಗ್ರಿ ಕೆಳಗಿದ್ದು, ಮ್ಯಾಟ್‌ಗಳ ಆರ್-ವ್ಯಾಲ್ಯೂ ಸೇರಿ ಐದರ ಮೇಲಿದ್ದೂ ನಿಮಗೆ ಚಳಿಯಾದರೆ ಆಗ ಬ್ಯಾಗ್ ಬದಲಿಸುವ ಮಾತು. ಅವರ ಉತ್ತರ ಬಂದ ಮೇಲೆ ಇಲ್ಲಿಯೇ ಹಾಕಿ, ಯಾವ ಮ್ಯಾಟ್ ಸೇರಿಸಿದರೆ ಸಾಕಾಗುತ್ತದೆ ಎಂದು ಹೇಳುತ್ತೇನೆ.