‘ಇಯಾರ್ಟೊ ಸದಸ್ಯ’ ಎಂದರೆ ಮಾನ್ಯತೆಯೇ?

ಪ್ರಶ್ನೆ: ಪೀಣ್ಯದಲ್ಲಿ ನಮ್ಮದು ಸೆನ್ಸರ್ ತಯಾರಿಸುವ ಸಣ್ಣ ಘಟಕ. ಹೊಸ ಮಾದರಿಯೊಂದನ್ನು ರೂಪಿಸಿಕೊಡಲು ಯುರೋಪಿನ ಸಂಶೋಧನಾ ಸಂಸ್ಥೆಯೊಂದರ ಜತೆ ಮಾತುಕತೆ ನಡೆದಿದೆ. ಅವರ ಪತ್ರದಲ್ಲಿ ‘ಇಯಾರ್ಟೊ ಸದಸ್ಯ’ ಎಂದಿದೆ. ಇದು ಸರಕಾರದ ಮಾನ್ಯತೆಯೇ? ಈ ಸಂಘದಿಂದ ನಮಗೆ ಅನುದಾನ ಸಿಗುತ್ತದೆಯೇ? ಕೆಲಸ ಕೆಟ್ಟರೆ ಅಲ್ಲಿಗೆ ದೂರು ಕೊಡಬಹುದೇ?

ಉತ್ತರ: ಮೂರಕ್ಕೂ ‘ಇಲ್ಲ’ ಎಂದೇ ಉತ್ತರ.

ಇಯಾರ್ಟೊ ಯುರೋಪಿನ ಸಂಶೋಧನೆ ಮತ್ತು ತಂತ್ರಜ್ಞಾನ ಸಂಸ್ಥೆಗಳು ಸೇರಿ ಕಟ್ಟಿಕೊಂಡ ಸಂಘ. ಶುರುವಾಗಿದ್ದು 1999ರಲ್ಲಿ, ಕಚೇರಿ ಬ್ರಸೆಲ್ಸ್‌ನಲ್ಲಿ. ಜರ್ಮನಿಯ ಫ್ರೌನ್‌ಹೋಫರ್, ನೆದರ್ಲೆಂಡ್ಸ್‌ನ ಟಿಎನ್ಒ, ಫಿನ್ಲೆಂಡಿನ ವಿಟಿಟಿ ಇದರ ಸದಸ್ಯರು. ಇಂಥವು ವಿಶ್ವವಿದ್ಯಾಲಯಗಳೂ ಅಲ್ಲ, ಲಾಭಕ್ಕೆ ನಡೆಯುವ ಕಂಪನಿಗಳೂ ಅಲ್ಲ. ಫ್ರೌನ್‌ಹೋಫರ್‌ಗೆ ಸರಕಾರ ನೇರವಾಗಿ ಕೊಡುವುದು ಸುಮಾರು ಮೂರನೇ ಒಂದು ಭಾಗ. ಉಳಿದದ್ದನ್ನು ಕಾರ್ಖಾನೆಗಳ ಕೆಲಸ ಹಿಡಿದು, ಸರಕಾರಿ ಯೋಜನೆಗಳಲ್ಲಿ ಸ್ಪರ್ಧಿಸಿ ಅದೇ ದುಡಿದುಕೊಳ್ಳಬೇಕು.

ನಿಯಮ ಬರೆಯುವವರ ಕಣ್ಣಿಗೆ ವಿಶ್ವವಿದ್ಯಾಲಯ ಕಾಣುತ್ತದೆ, ಕಂಪನಿ ಕಾಣುತ್ತದೆ. ನಡುವಿನ ಇವರು ಕಾಣುವುದಿಲ್ಲ. ಸಂಘಕ್ಕೆ ಕೆಲಸ ಹುಟ್ಟುವುದೇ ಇಲ್ಲಿ. ಒಂದು ಉದಾಹರಣೆ ನೋಡಿ. 2014ರಲ್ಲಿ ಸಂಶೋಧನೆಗೆ ಹಣ ಕೊಡುವ ಯುರೋಪಿಯನ್ ಒಕ್ಕೂಟದ ‘ಹೊರೈಜನ್ 2020’ ಯೋಜನೆ ಬಂದಾಗ, ಕಟ್ಟಡ, ಕರೆಂಟು, ಆಡಳಿತ ಮುಂತಾದ ಪರೋಕ್ಷ ವೆಚ್ಚಕ್ಕೆ ಎಲ್ಲರಿಗೂ ಒಂದೇ ಲೆಕ್ಕವಾಯಿತು: ನೇರ ವೆಚ್ಚದ ಮೇಲೆ 25%. ಅದಕ್ಕೂ ಮೊದಲು ಇಂಥ ವೆಚ್ಚದ ನಿಜವಾದ ಲೆಕ್ಕ ಕೊಟ್ಟು ಹಣ ಕೇಳಬಹುದಿತ್ತು. ಕಂಪ್ಯೂಟರ್ ಮುಂದೆ ಕೂತು ಮಾಡುವ ಸಂಶೋಧನೆಗೆ 25% ಸಾಕಾಗಬಹುದು. ಹಗಲೂ ರಾತ್ರಿ ಕ್ಲೀನ್‌ರೂಮ್ (ದೂಳು ಸೇರದಂತೆ ಕಾಯುವ ಕೊಠಡಿ) ನಡೆಸುವವರಿಗೆ ಸಾಕಾಗುತ್ತದಾ? ಪ್ರತಿ ಯೋಜನೆಯಲ್ಲೂ ಕೈಯಿಂದ ಹಾಕಬೇಕಾಗುತ್ತದೆ ಅಲ್ವಾ? ಒಂದು ಸಂಸ್ಥೆ ಹೋಗಿ ಹೇಳಿದರೆ ಅದು ಬರೀ ಗೊಣಗಾಟ. ಎಲ್ಲ ದೇಶದವರೂ ಸೇರಿ ಲೆಕ್ಕ ಮುಂದಿಟ್ಟರೆ ಅಧಿಕಾರಿಗಳು ಕೂತು ಕೇಳಬೇಕಾಗುತ್ತದೆ. ಆದರೂ ಈ ವಿಷಯದಲ್ಲಿ ಸಂಘ ಗೆಲ್ಲಲಿಲ್ಲ, ಈಗಿನ ‘ಹೊರೈಜನ್ ಯುರೋಪ್’ನಲ್ಲೂ ಸಾಮಾನ್ಯ ಲೆಕ್ಕ ಅದೇ 25%.

ಇನ್ನೊಂದು ಕೆಲಸ ನಿಮಗೂ ಉಪಯೋಗಕ್ಕೆ ಬರುತ್ತದೆ. ತಂತ್ರಜ್ಞಾನ ಎಷ್ಟು ಪಕ್ವವಾಗಿದೆ ಎಂದು ಅಳೆಯುವ 1ರಿಂದ 9ರ ‘ಟಿಆರ್‌ಎಲ್’ ಮಾಪನ ಹುಟ್ಟಿದ್ದು ನಾಸಾದಲ್ಲಿ, ಬಾಹ್ಯಾಕಾಶದ ಕೆಲಸಕ್ಕೆ. ಯುರೋಪ್ ಅದನ್ನೇ ಎಲ್ಲ ಕ್ಷೇತ್ರಕ್ಕೂ ಹಚ್ಚಿದಾಗ, ಅದನ್ನು ಹೇಗೆ ಬಳಸಬೇಕು ಎಂದು ಇಯಾರ್ಟೊ 2014ರಲ್ಲಿ ಒಂದು ಟಿಪ್ಪಣಿ ಹೊರತಂದಿತು. ನಿಮ್ಮ ಒಪ್ಪಂದದಲ್ಲಿ ‘ಮಾದರಿ ಸಿದ್ಧಪಡಿಸಿ ಕೊಡುತ್ತೇವೆ’ ಎಂದಷ್ಟೇ ಬರೆಸಿಕೊಳ್ಳಬೇಡಿ. ಪ್ರಯೋಗಾಲಯದಲ್ಲಿ ನಡೆದರೆ ಸಾಕೋ (ಹಂತ 4), ನಿಜವಾದ ಕಾರ್ಖಾನೆಯ ಪರಿಸರದಲ್ಲಿ ನಡೆದು ತೋರಿಸಬೇಕೋ (ಹಂತ 7) ಎಂದು ನಮೂದಿಸಿ. ಜಗಳ ಹುಟ್ಟುವುದೇ ಆ ಎರಡರ ನಡುವೆ.

ಒಂದು ಎಚ್ಚರಿಕೆ. ಸಂಘ ಹೊರಡಿಸುವ ಪತ್ರಗಳನ್ನು ತೀರ್ಪಿನಂತೆ ಓದಬೇಡಿ. ಅದು ಸದಸ್ಯರ ಪರ ವಕಾಲತ್ತು. ಯುರೋಪಿಯನ್ ಒಕ್ಕೂಟದ ಲಾಬಿದಾರರ ನೋಂದಣಿ ಪಟ್ಟಿಯಲ್ಲೂ ಇಯಾರ್ಟೊ ಹೆಸರಿದೆ. ಅದರಲ್ಲಿ ತಪ್ಪೇನಿಲ್ಲ, ಮುಚ್ಚುಮರೆ ಇಲ್ಲದಿರುವುದೇ ಒಳ್ಳೆಯದು.

ಅನುದಾನದ ವಿಷಯಕ್ಕೆ ಬಂದರೆ, ಹೊರೈಜನ್ ಯುರೋಪ್ ಯೋಜನೆಗಳಲ್ಲಿ ಭಾರತದ ಸಂಸ್ಥೆಗಳು ಪಾಲ್ಗೊಳ್ಳಬಹುದು. ಆದರೆ ತಾನಾಗಿ ಹಣ ಸಿಗುವ ದೇಶಗಳ ಪಟ್ಟಿಯಲ್ಲಿ ಭಾರತ ಇಲ್ಲ. ನಿಮ್ಮ ಖರ್ಚು ನಿಮ್ಮದು ಎಂದೇ ಲೆಕ್ಕ ಹಾಕಿಕೊಳ್ಳಿ.

ನಿಮ್ಮ ರಕ್ಷಣೆ ಇರುವುದು ಒಪ್ಪಂದದಲ್ಲಿ ಮಾತ್ರ. ಅವರ ಹಳೆಯ ಪೇಟೆಂಟ್ ಬಳಸಲು ನಿಮಗೆ ಹಕ್ಕಿದೆಯೇ? ಈ ಕೆಲಸದಲ್ಲಿ ಹೊಸದಾಗಿ ಹುಟ್ಟಿದ್ದು ಯಾರದು? ಅದನ್ನೇ ನಿಮ್ಮ ಪ್ರತಿಸ್ಪರ್ಧಿಗೂ ಕೊಡಬಹುದೇ? ಸಹಿಗೆ ಮೊದಲೇ ಇವನ್ನು ಇತ್ಯರ್ಥ ಮಾಡಿಕೊಳ್ಳಿ. ನಿಖರ ಯಂತ್ರಕೆಲಸ ಅಥವಾ ಪರೀಕ್ಷೆಯಷ್ಟೇ ಬೇಕಿದ್ದರೆ ಮೊದಲು ಬೆಂಗಳೂರಿನಲ್ಲೇ ಇರುವ ಸಿಎಂಟಿಐನಲ್ಲಿ (ಸೆಂಟ್ರಲ್ ಮ್ಯಾನುಫ್ಯಾಕ್ಚರಿಂಗ್ ಟೆಕ್ನಾಲಜಿ ಇನ್‌ಸ್ಟಿಟ್ಯೂಟ್) ವಿಚಾರಿಸಿ. ಕೇಂದ್ರದ ಭಾರಿ ಕೈಗಾರಿಕಾ ಸಚಿವಾಲಯದ ಕೆಳಗಿರುವ ಆ ಸಂಸ್ಥೆ 1962ರಿಂದ ಇದೆ, ಪೀಣ್ಯದಿಂದ ದೂರವೂ ಇಲ್ಲ.