‘ಅಗ್ರೆಸಿವ್‌ಲಿ’ ಎಂಬುದಕ್ಕೆ ಎಲ್ಲ ಕಡೆಯೂ ಹೊಂದುವ ಒಂದೇ ಕನ್ನಡ ಪದ ಯಾವುದು?

ನೀವು ಕೇಳುತ್ತಿರುವ ಆ ಒಂದು ಪದ ನನ್ನ ಬಳಿ ಇದೆಯೆಂದು ನಂಬಿಯೇ ನಾನು ಒಂದು ಆಸ್ಪತ್ರೆಯ ಅನುವಾದದ ಕೆಲಸವನ್ನು ಕಳೆದುಕೊಂಡೆ. ಅದಕ್ಕೆ ಮೊದಲು ಕೆಲವು ವರ್ಷ ಕ್ರೀಡಾಪುಟಕ್ಕೆ ಬರೆಯುತ್ತಿದ್ದೆ. 2008ರ ಚೆನ್ನೈ ಟೆಸ್ಟ್‌ನಲ್ಲಿ ದಕ್ಷಿಣ ಆಫ್ರಿಕಾದ ವಿರುದ್ಧ ಸೆಹ್ವಾಗ್ 304 ಎಸೆತಗಳಲ್ಲಿ 319 ರನ್ ಬಾರಿಸಿದರಲ್ಲ, ಅಂಥ ಆಟಕ್ಕೆ ನಾವು ಕಣ್ಣು ಮುಚ್ಚಿಕೊಂಡು ‘ಆಕ್ರಮಣಕಾರಿ’ ಎಂದು ಬರೆಯುತ್ತಿದ್ದೆವು. ಅಲ್ಲಿ ಅದು ಮೆಚ್ಚುಗೆಯ ಮಾತು.

ಆಸ್ಪತ್ರೆಯ ಕೈಪಿಡಿಯಲ್ಲಿ, ಸೋಂಕಿಗೆ ‘ಅಗ್ರೆಸಿವ್‌ಲಿ’ ಚಿಕಿತ್ಸೆ ಮಾಡಲಾಗುವುದು ಎಂಬರ್ಥದ ಇಂಗ್ಲಿಷ್ ವಾಕ್ಯವಿತ್ತು. ನಾನು ಅದನ್ನು ‘ರೋಗಿಗೆ ಆಕ್ರಮಣಕಾರಿಯಾಗಿ ಚಿಕಿತ್ಸೆ ನೀಡಲಾಗುವುದು’ ಎಂದು ಬರೆದೆ. ತಪ್ಪು ಪದದಲ್ಲಿ ಮಾತ್ರ ಇರಲಿಲ್ಲ ಎಂಬುದನ್ನು ದಯವಿಟ್ಟು ಗಮನಿಸಿ. ಇಂಗ್ಲಿಷಿನಲ್ಲಿ ಆ ಬಿರುಸು ಸೋಂಕಿನ ಮೇಲೆ ತಿರುಗಿತ್ತು. ನಾನು ಸೋಂಕನ್ನು ಕೈಬಿಟ್ಟು ‘ರೋಗಿಗೆ’ ಎಂಬ ಚತುರ್ಥಿ ವಿಭಕ್ತಿಯನ್ನು ತಂದು ಕೂರಿಸಿದ್ದರಿಂದ ಅದೇ ಬಿರುಸು ಹಾಸಿಗೆಯಲ್ಲಿ ಮಲಗಿದವರ ಮೇಲೆ ತಿರುಗಿತು. ಅದರ ಮೇಲೆ ‘ನೀಡಲಾಗುವುದು’ ಎಂಬ ಕರ್ಮಣಿ ಪ್ರಯೋಗ ಬೇರೆ. ಆಕ್ರಮಣ ಮಾಡುವವರು ಯಾರೆಂಬುದೂ ತಿಳಿಯದು. ಮಗ ಓದಿ ಹೇಳಿದ್ದನ್ನು ಕೇಳಿದ ಅಜ್ಜಿಯೊಬ್ಬರು, ‘ನನ್ನ ಮೇಲೆ ಏನು ಆಕ್ರಮಣ ಮಾಡ್ತೀರಪ್ಪ?’ ಎಂದು ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಲು ನಿರಾಕರಿಸಿದರಂತೆ. ಅಚ್ಚಾದ ಪ್ರತಿಗಳೆಲ್ಲ ರದ್ದಿಗೆ ಹೋದವು. ನನಗೆ ಮತ್ತೆ ಕರೆ ಬರಲಿಲ್ಲ. ‘ಸೋಂಕು ಹಬ್ಬಲು ಬಿಡದೆ ಆರಂಭದಿಂದಲೇ ತೀವ್ರ ಚಿಕಿತ್ಸೆ ಕೊಡುತ್ತೇವೆ’ ಎಂದು ಬರೆದಿದ್ದರೆ ಸಾಕಿತ್ತು.

‘ಅಗ್ರೆಸಿವ್’ ಪದದ ಮೂಲ ಹುಡುಕಿದರೂ ನನ್ನನ್ನು ಅದು ಕಾಪಾಡುತ್ತಿರಲಿಲ್ಲ. ಲ್ಯಾಟಿನ್ನಿನಲ್ಲಿ ಅದರ ಅರ್ಥ ‘ಒಂದರತ್ತ ಹೆಜ್ಜೆಯಿಡು’ ಎಂದು. ನಮ್ಮ ‘ಆಕ್ರಮಣ’ದಲ್ಲಿರುವ ‘ಕ್ರಮ್’ ಧಾತುವೂ, ಮೂರು ಹೆಜ್ಜೆಯಿಟ್ಟ ತ್ರಿವಿಕ್ರಮನನ್ನು ನೆನೆದರೆ ತಿಳಿಯುವಂತೆ, ಹೆಜ್ಜೆಯದೇ. ಹುಟ್ಟು ಇಷ್ಟು ಹತ್ತಿರವಿದ್ದರೂ ಬಳಕೆಯಲ್ಲಿ ಅವು ಬೇರೆ ಬೇರೆ ದಾರಿ ಹಿಡಿದಿವೆ. ಇಂಗ್ಲಿಷಿನ ಪದಕ್ಕೆ ‘ಪಟ್ಟು ಬಿಡದೆ’, ‘ಹುರುಪಿನಿಂದ’ ಎಂಬ ಅರ್ಥಗಳೂ ಕೂಡಿಕೊಂಡವು. ಕನ್ನಡದಲ್ಲಿ, ಆಟದ ಅಂಗಳ ದಾಟಿದರೆ, ಆಕ್ರಮಣವೆಂದರೆ ಮೈಮೇಲೆ ಬೀಳುವುದೇ.

ಆದ್ದರಿಂದ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಕ್ರಿಯಾವಿಶೇಷಣವನ್ನು ಬಿಟ್ಟು ಕ್ರಿಯಾಪದವನ್ನು ಹಿಡಿಯಿರಿ. ನಾಯಿ ‘ಮೈಮೇಲೆ ಎರಗುವಂತೆ’ ಬೊಗಳುತ್ತದೆ, ಕಂಪನಿ ಸರಕನ್ನು ‘ಬಿರುಸಿನಿಂದ’ ಪ್ರಚಾರ ಮಾಡುತ್ತದೆ, ಸಿಟ್ಟಾದವನು ‘ಜಗಳಕ್ಕೆ ನಿಂತವನಂತೆ’ ಮಾತನಾಡುತ್ತಾನೆ, ಕ್ಯಾನ್ಸರ್ ಗಡ್ಡೆ ‘ಬೇಗಬೇಗನೆ ಬೆಳೆದು ಹರಡುತ್ತದೆ’. ಕೊನೆಯದರಲ್ಲಿ ಕ್ರಿಯಾವಿಶೇಷಣದ ಕೆಲಸದ ಅರ್ಧವನ್ನು ಕ್ರಿಯಾಪದವೇ ಹೊತ್ತುಕೊಂಡಿದೆ, ನೋಡಿ. ಇನ್ನು ಉದ್ಯೋಗದ ಅರ್ಜಿಯಲ್ಲಿ ‘ಆಕ್ರಮಣಕಾರಿಯಾಗಿ ದುಡಿಯುತ್ತೇನೆ’ ಎಂದು ಬರೆಯುವ ಯೋಚನೆ ಇದ್ದರೆ, ಅದನ್ನು ಈಗಲೇ ಹೊಡೆದುಹಾಕಿ ‘ಹಿಡಿದ ಕೆಲಸವನ್ನು ಬಿಡದೆ ಮಾಡುತ್ತೇನೆ’ ಎಂದು ಬರೆಯಿರಿ.